ಕಾರವಾರದ ಐರಿಷ್ ಸೆಟ್ ಡ್ಯಾನ್ಸ್ ಕ್ಲಾಸ್: ನಾಲ್ಕು ಭಾನುವಾರ ಹೋಗಿ ಬಂದೆ

ಐರಿಷ್ ಡ್ಯಾನ್ಸ್ ಅಂದ್ರೆ ಸ್ಟೇಜ್ ಮೇಲೆ ಸಾಲಾಗಿ ನಿಂತು, ಕೈ ಇಳಿಬಿಟ್ಟು ಕಾಲಷ್ಟೇ ಆಡಿಸೋದು ಅಂದುಕೊಂಡಿದ್ದೆ. ಸೆಟ್ ಡ್ಯಾನ್ಸ್ ಬೇರೆ. ಇದಕ್ಕೆ ಎಂಟು ಜನರ ಒಂದು ಸೆಟ್ ಬೇಕು, ಚೌಕದ ಒಂದೊಂದು ಬದಿಗೆ ಒಂದು ಜೋಡಿ. ಎದುರುಬದುರಿನ ಎರಡು ಜೋಡಿ ಟಾಪ್ಸ್, ಉಳಿದವರು ಸೈಡ್ಸ್. ಟಾಪ್ಸ್ ಕುಣಿಯುವಾಗ ಸೈಡ್ಸ್‌ನವರು ನೋಡಿ ಕಲಿಯಬಹುದು, ಹೊಸಬರಿಗೆ ಅದು ತುಂಬಾ ಅನುಕೂಲ.

ಕೋಡಿಬಾಗದಲ್ಲಿ ಮಹಡಿ ಮೇಲಿನ ಒಂದು ಹಾಲ್, ಸಂಜೆ 5 ಗಂಟೆಗೆ ಶುರು, ಒಂದು ಸಲಕ್ಕೆ 100 ರೂಪಾಯಿ. ಕಲಿಸುವವರು ಐರ್ಲೆಂಡಿನ ಕ್ಲೇರ್ ಕಡೆ ನರ್ಸ್ ಆಗಿದ್ದು ಊರಿಗೆ ಮರಳಿದವರು. ನಮಗೆಲ್ಲ ಅವರು ಅಕ್ಕೋರು. ಕ್ಲೇರ್‌ನವರಿಗೆ ಅಚ್ಚುಮೆಚ್ಚಿನ ಕುಣಿತವಾದ ಕ್ಯಾಲಿಡೋನಿಯನ್ ಸೆಟ್‌ನಿಂದಲೇ ಶುರು ಮಾಡಿಸಿದರು.

ಚಹಾ ಹೊತ್ತಲ್ಲಿ ಅಕ್ಕೋರು ಹೇಳಿದ ಕಥೆ ನನಗೆ ಕುಣಿತದಷ್ಟೇ ಹಿಡಿಸಿತು. ಫ್ರಾನ್ಸಿನ ಕ್ವಾಡ್ರಿಲ್ ಅನ್ನೋ ಚೌಕದ ಕುಣಿತ ಐರ್ಲೆಂಡಿಗೆ ಬಂದಾಗ ಹಳ್ಳಿಯವರು ತಮ್ಮ ರೀಲ್, ಜಿಗ್ ಅನ್ನೋ ಚುರುಕಿನ ಸಂಗೀತ ಹಾಕಿ ಅದನ್ನು ತಮ್ಮದೇ ಮಾಡಿಕೊಂಡರು, ಅಡುಗೆಮನೆಯಲ್ಲೂ ಕುಣಿದರು. ಐರಿಷ್ ಭಾಷೆ, ಸಂಸ್ಕೃತಿ ಉಳಿಸಲು 1893ರಲ್ಲಿ ಹುಟ್ಟಿದ ಗೇಲಿಕ್ ಲೀಗ್ ಸಂಘ ಇದನ್ನು ಪರದೇಶದ್ದು ಅಂತ ದೂರ ಇಟ್ಟಿತು. 1935ರಲ್ಲಿ ಸಾರ್ವಜನಿಕ ಕುಣಿತಕ್ಕೆ ಲೈಸೆನ್ಸ್ ಬೇಕು ಅನ್ನೋ ಡ್ಯಾನ್ಸ್ ಹಾಲ್ ಕಾಯ್ದೆ ಬಂತು, ಲೈಸೆನ್ಸ್ ತೊಂದರೆಯಲ್ಲಿ ಮನೆ ಕುಣಿತವೂ ಕಡಿಮೆಯಾಯ್ತು. ಮತ್ತೆ ಜೀವ ಬಂದದ್ದು 1970, 80ರ ದಶಕದಲ್ಲಿ. ಕಾನಿ ರಯಾನ್ ಅಂಥವರು ಊರೂರು ತಿರುಗಿ ಕಲಿಸಿದರು, ಹಳಬರ ಹತ್ತಿರ ಉಳಿದಿದ್ದ ಸೆಟ್‌ಗಳನ್ನು ಹುಡುಕಿ ತಂದರು. ನಮ್ಮ ಅಂಕೋಲಾ ಕಡೆಯ ಹಾಲಕ್ಕಿಗಳ ಸುಗ್ಗಿ ಕುಣಿತವೂ ಮನೆಯಂಗಳದ್ದೇ ಅಲ್ವಾ, ಕೇಳುತ್ತಾ ಅದೇ ನೆನಪಾಯ್ತು.

ಮೂರನೇ ವಾರ ಏಳೇ ಜನ ಬಂದಿದ್ದೆವು. ಸುಮ್ನೆ ನೋಡಲು ಬಂದು ಕುರ್ಚಿ ಹಿಡಿದಿದ್ದ ಅಮ್ಮನನ್ನು ಅಕ್ಕೋರು ಎಬ್ಬಿಸಿದರು. ಸ್ವಿಂಗ್ ಅಂದ್ರೆ ಜೋಡಿಯಾಗಿ ಹಿಡಿದು ಗಿರಗಿರ ಸುತ್ತೋದು, ನನಗೆ ಅದರಲ್ಲಿ ಪ್ರತಿಸಲ ತಲೆ ತಿರುಗುತ್ತಿತ್ತು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಂಕಣಿ ಹೆಂಗಸರ ಫುಗಡಿ ಕುಣಿತದಲ್ಲಿ ಮಾಡುವ ಹಾಗೆ ಮೈ ಸ್ವಲ್ಪ ಹಿಂದಕ್ಕೆ ವಾಲಿಸಿ ಸುತ್ತೇಬಿಟ್ಟರು. "ಕಾಲು ನೋಡಬೇಡ, ನನ್ನ ಮುಖ ನೋಡು" ಅಂದರು. ತಲೆ ತಿರುಗೋದು ನಿಂತಿತು!

ಕೊರತೆ ಅಂದ್ರೆ ನೆಲ. ಟೈಲ್ಸ್ ಮೇಲೆ ಜಾರುತ್ತದೆ, ಹೆಜ್ಜೆ ಸದ್ದೂ ಏಳುವುದಿಲ್ಲ, ಆ ಸದ್ದಿನಲ್ಲೇ ಅರ್ಧ ಖುಷಿ ಇರೋದು. ನಾಲ್ಕು ಹಲಗೆ ಹಾಸಿದರೂ ಸಾಕು. ಮೊಣಕಾಲು ನೋವಿದ್ದವರು ಮೊದಲೇ ಹೇಳಿ, ಕುಪ್ಪಳಿಸದೆ ನಡೆದೇ ಮಾಡಲು ಬಿಡುತ್ತಾರೆ. ಜೋಡಿ ಇಲ್ಲದೆ ಒಬ್ಬರೇ ಹೋದರೂ ತೊಂದರೆ ಇಲ್ಲ.

ಕಳೆದ ವಾರಕ್ಕೆ ನಾವು ಹದಿನೈದು ಜನ ಆದೆವು. ಇನ್ನೊಬ್ಬರು ಬಂದರೆ ಎರಡು ಸೆಟ್ ಪೂರ್ತಿ.