ಚಾಲಿ ರೇಟು ಎಲ್ಲಿದೆ? ಒಂದು ವೆಬ್‌ಸೈಟು, ನಾಲ್ಕು ಮೆನು

ನಮ್ಮ ಜಿಲ್ಲೆಯ ಒಂದು ದೊಡ್ಡ ಸಹಕಾರಿ ಸಂಸ್ಥೆಯ ವೆಬ್‌ಸೈಟನ್ನು ಹೊಸದಾಗಿ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಘಟ್ಟದ ಮೇಲೆ ಶಿರಸಿ ಸುತ್ತಿನ ಅಡಿಕೆ ಬೆಳೆಗಾರರು, ಘಟ್ಟದ ಕೆಳಗೆ ಕುಮಟಾ, ಕಾರವಾರದ ಕಡೆ ಠೇವಣಿ ಇಟ್ಟವರು, ಸಾಲ ತೆಗೆದವರು. ಎಲ್ಲಾ ಸೇರಿ ದೊಡ್ಡ ಸಂಸಾರ. ಹಳೇ ಸೈಟಿನಲ್ಲಿ ಏನಿಲ್ಲ ಅಂತಿರಲಿಲ್ಲ, ಎಲ್ಲವೂ ಇತ್ತು. ಆದರೂ ಕಚೇರಿಯ ಫೋನು ಬೆಳಿಗ್ಗೆಯಿಂದ ಸಂಜೆವರೆಗೆ ಹೊಡೆದುಕೊಳ್ಳುತ್ತಿತ್ತು. 'ಸೈಟಲ್ಲೇ ಹಾಕಿದ್ದೇವಲ್ಲ, ನೋಡಬಾರದಾ' ಅಂತ ಗುಮಾಸ್ತರು ಗೊಣಗುತ್ತಲೇ ಉತ್ತರ ಕೊಡುತ್ತಿದ್ದರು.

ಸಂಸ್ಥೆಯ ಗುಮಾಸ್ತರೊಬ್ಬರ ಜೊತೆ ನಾನೂ ಒಂದು ದಿನ ಕೂತು ನೋಡಿದೆ. ಮೊದಲ ಪುಟ ತೆರೆದರೆ ಆಡಳಿತ ಮಂಡಳಿಯ ಫೋಟೋ. ಅದರ ಕೆಳಗೆ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಹುಟ್ಟಿದ ಸಹಕಾರ ಚಳವಳಿಯಿಂದ ಶುರುವಾಗುವ ಇತಿಹಾಸ. ಬಲಗಡೆ, ಶಿರಸಿ ಸುಪಾರಿಗೆ 2019ರಲ್ಲಿ ಜಿಐ ಟ್ಯಾಗ್ (ಇದು ಈ ಸೀಮೆಯದ್ದೇ ಅನ್ನುವ ಸರಕಾರಿ ಗುರುತು) ಸಿಕ್ಕ ಸುದ್ದಿ ಇನ್ನೂ 'ಹೊಸದು' ಅಂತ ಕೆಂಪಗೆ ಮಿನುಗುತ್ತಿತ್ತು. ಅಡಿಕೆ ರೇಟು ಬೇಕೆಂದರೆ 'ವಿಭಾಗಗಳು' ಒತ್ತಬೇಕು, ಆಮೇಲೆ 'ಹುಟ್ಟುವಳಿ ಮಾರಾಟ ವಿಭಾಗ', ಆಮೇಲೆ 'ವ್ಯಾಪಾರ ವಿವರ'. ಅಲ್ಲಿ ದಿನಕ್ಕೊಂದರಂತೆ ಸ್ಕ್ಯಾನ್ ಮಾಡಿ ಹಾಕಿದ ಪಿಡಿಎಫ್. ದಣಪೆ, ಅಂದರೆ ಬೇಲಿ ಬಾಗಿಲ ಹತ್ತಿರ ಬಂದು ನಿಂತರೆ ಮಾತ್ರ ಎರಡು ಕಡ್ಡಿ ಸಿಗ್ನಲ್ ಸಿಗುವ ಮನೆಯಲ್ಲಿ ಆ ಪಿಡಿಎಫ್ ತೆರೆಯುವಷ್ಟರಲ್ಲಿ ವ್ಯಾಪಾರ ಮುಗಿದು ಮರುದಿನದ ಟೆಂಡರ್ ಶುರುವಾಗಿರುತ್ತದೆ.

ಮೆನು ಹೇಗಿರಬೇಕು ಅನ್ನುವುದಕ್ಕೆ ಸಭೆಯಲ್ಲಿ ನಾಲ್ಕು ಅಭಿಪ್ರಾಯ ಬಂದವು. ಈಗಿನಂತೆ ವಿಭಾಗವಾರು ಇರಲಿ ಅಂತ ಕೆಲವರು. ಬರುವವರು ಯಾರು ಅಂತ ನೋಡಿ ಸದಸ್ಯರಿಗೆ ಒಂದು ಬಾಗಿಲು, ಠೇವಣಿದಾರರಿಗೆ ಒಂದು ಬಾಗಿಲು ಮಾಡೋಣ ಅಂತ ಇನ್ನು ಕೆಲವರು. ಬರುವ ಕೆಲಸ ಏನು ಅಂತ ನೋಡಿ ಜೋಡಿಸೋಣ ಅಂತ ನಾನು. 'ಮೆನು ಯಾಕೆ ಬೇಕು, ಗೂಗಲ್ ಥರ ಒಂದು ಹುಡುಕುವ ಪೆಟ್ಟಿಗೆ ಇಟ್ಟರೆ ಸಾಕಲ್ವಾ?' ಅಂತ ಒಬ್ಬ ಕಿರಿಯ ನಿರ್ದೇಶಕರು. ವಾದ ಮಾಡುತ್ತಾ ಕೂತರೆ ಮುಗಿಯುವುದಲ್ಲ. ನಾಲ್ಕನ್ನೂ ಜನರ ಕೈಗೆ ಕೊಟ್ಟು ನೋಡೋಣ ಅಂದೆ.

ಇದಕ್ಕೆ ಕಂಪ್ಯೂಟರ್ ಬೇಕಾಗಿಲ್ಲ. ಟ್ರೀ ಟೆಸ್ಟ್ ಅಂತ ಒಂದು ವಿಧಾನ ಇದೆ. ಬಣ್ಣ, ಚಿತ್ರ ಏನೂ ಇಲ್ಲದೆ ಬರೀ ಮೆನುವಿನ ಹೆಸರುಗಳನ್ನು ತೋರಿಸಿ 'ಇದು ಎಲ್ಲಿ ಸಿಗಬಹುದು' ಅಂತ ಕೇಳುವುದು. ನಾನು ಮದುವೆ ಕಾಗದದ ಹಿಂಬದಿಯಲ್ಲಿ ಮೆನು ಬರೆದುಕೊಂಡೆ. ಒಬ್ಬರು 'ಸಾಲ' ಅಂತ ಬೆರಳಿಟ್ಟರೆ ಅದರ ಒಳಗಿನ ಕಾಗದ ಮುಂದಿಡುವುದು. ತಪ್ಪಿದರೆ ಹಿಂದಕ್ಕೆ. ನಾವು ಬಾಯಿ ಬಿಡುವ ಹಾಗಿಲ್ಲ, ಅದೇ ಕಷ್ಟದ ಕೆಲಸ. ಹುಡುಕುವ ಪೆಟ್ಟಿಗೆಯನ್ನು ಮಾತ್ರ ಹಳೇ ಸೈಟಿನ ಮೇಲೆ ಲ್ಯಾಪ್‌ಟಾಪಿನಲ್ಲೇ ನೋಡಿದೆವು.

ಐದು ಜನರನ್ನು ಕೂರಿಸಿ ನೋಡಿದರೆ ಹೆಚ್ಚಿನ ತೊಡಕು ಕಂಡುಬಿಡುತ್ತವೆ ಅಂತ ವೆಬ್‌ಸೈಟು ಬಳಕೆಯ ತಜ್ಞ ಜೇಕಬ್ ನೀಲ್ಸನ್ 2000ರಲ್ಲಿ ಬರೆದದ್ದನ್ನು ಈ ಕೆಲಸದವರೆಲ್ಲ ಹೇಳುತ್ತಾರೆ. ಬಳಸುವವರು ಬೇರೆ ಬೇರೆ ಥರದವರಾದರೆ ಪ್ರತಿ ಗುಂಪಿನಿಂದಲೂ ಮೂರ್ನಾಲ್ಕು ಜನ ಬೇಕು ಅಂತಲೂ ಅವರೇ ಬರೆದಿದ್ದಾರೆ. ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಾವು ಘಟ್ಟದ ಮೇಲೆ 6, ಕೆಳಗೆ 6 ಜನರನ್ನು ಹಿಡಿದೆವು. ಇಷ್ಟರಿಂದ ಶೇಕಡಾ ಲೆಕ್ಕ ತೆಗೆಯಲು ಹೋಗಬಾರದು. ಎಲ್ಲಿ ಎಡವುತ್ತಾರೆ ಅಂತ ನೋಡಲು ಸಾಕು. ಇನ್ನೊಂದು, ಒಬ್ಬರಿಗೇ ಎಲ್ಲ ಮೆನು ತೋರಿಸಿದರೆ ಕೊನೆಯದು ಸುಲಭ ಅನ್ನಿಸಿಬಿಡುತ್ತದೆ. ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ಸರದಿಯಲ್ಲಿ ಕೊಟ್ಟೆವು.

ಪ್ರಶ್ನೆಗಳನ್ನು ನಾವು ಯೋಚಿಸಿ ಮಾಡಿದ್ದಲ್ಲ, ಕಚೇರಿಗೆ ಬರುವ ಫೋನಿನಿಂದ ಎತ್ತಿಕೊಂಡದ್ದು. ಇವತ್ತು ಚಾಲಿಗೆ (ಒಣಗಿಸಿ ಸುಲಿದ ಅಡಿಕೆಗೆ) ಎಷ್ಟು? ಬೆಳೆ ಸಾಲಕ್ಕೆ ಪಹಣಿ ಬಿಟ್ಟು ಇನ್ನೇನು ತರಬೇಕು? ಮೈಲುತುತ್ತ ಬಂದಿದೆಯಾ? ಬೆಳೆ ವಿಮೆಗೆ ಕೊನೇ ದಿನ ಯಾವಾಗ? ಅಪ್ಪ ತೀರಿಕೊಂಡಿದ್ದಾರೆ, ಅವರ ಶೇರು ನನ್ನ ಹೆಸರಿಗೆ ಮಾಡುವುದು ಹೇಗೆ?

ವಿಭಾಗವಾರು ಮೆನು ಸೋಲುತ್ತದೆ ಅಂತ ನನಗೆ ಮೊದಲೇ ಗೊತ್ತಿತ್ತು. ಹೀಗೆ ಸೋಲುತ್ತದೆ ಅಂತ ಗೊತ್ತಿರಲಿಲ್ಲ. ಶಿರಸಿ ಹತ್ತಿರದ ಒಬ್ಬ ಹಿರಿಯರು, ಜೀವಮಾನವಿಡೀ ಅಡಿಕೆ ವ್ಯವಹಾರ ಮಾಡಿದವರು, ಕಾಗದವನ್ನು ದೂರ ಹಿಡಿದು ಎರಡು ಸಲ ಓದಿದರು. 'ಇದ್ರಲ್ಲಿ ರೇಟು ಎಲ್ಲಿದ್ದೋ ತಮಾ?' ಅಂದರು. ನಾನು ಸುಮ್ನೆ ಕೂತೆ. ಅವರು 'ಲೆಕ್ಕಪತ್ರ ವಿಭಾಗ' ಒತ್ತಿದರು. ಯಾಕೆ ಅಂತ ಆಮೇಲೆ ಕೇಳಿದೆ. 'ದುಡ್ಡಿನ ವಿಚಾರ ಅಲ್ದಾ?' ಅಂದರು. ತಪ್ಪೇನಿಲ್ಲ! 'ಹುಟ್ಟುವಳಿ' ಅನ್ನುವ ಮಾತು ಸಂಘದ ಬೋರ್ಡಿನ ಮೇಲೆ, ಬೈಲಾದಲ್ಲಿ ಇರುತ್ತದೆ. ತೋಟದಲ್ಲಿ ಯಾರೂ ಹುಟ್ಟುವಳಿ ಕೊಯ್ಯುವುದಿಲ್ಲ, ಅಡಿಕೆ ಕೊನೆ (ಗೊನೆ) ಕೊಯ್ಯುತ್ತಾರೆ.

ಆದರೂ ಈ ಮೆನುವಿಗೆ ಒಂದು ಗುಣ ಇದೆ, ಅದನ್ನು ಹೇಳಬೇಕು. ಸಂಸ್ಥೆಯ ಒಳಗಿನವರಿಗೆ, ಆಡಿಟ್‌ಗೆ ಬರುವವರಿಗೆ, ಬೇರೆ ಸಂಘದ ಕಾರ್ಯದರ್ಶಿಗಳಿಗೆ ಇದು ಕಣ್ಣು ಮುಚ್ಚಿ ನಡೆಯುವ ದಾರಿ. ಯಾವ ಪುಟ ಹಳತಾಯಿತು, ಯಾರು ಸರಿ ಮಾಡಬೇಕು ಅನ್ನುವುದೂ ಇದರಲ್ಲಿ ಸ್ಪಷ್ಟ.

'ನೀವು ಯಾರು' ಅಂತ ಕೇಳುವ ಎರಡನೇ ಮೆನು ಸಭೆಯಲ್ಲಿ ಎಲ್ಲರಿಗೂ ಇಷ್ಟವಾಗಿತ್ತು. ನೋಡಲಿಕ್ಕೂ ಚೆಂದ: ಸದಸ್ಯರು, ಬೆಳೆಗಾರರು, ಠೇವಣಿದಾರರು, ಗ್ರಾಹಕರು. ನಾಲ್ಕು ಚೌಕ, ನಾಲ್ಕು ಚಿತ್ರ. ಜನರ ಮುಂದಿಟ್ಟ ಕೂಡಲೇ ಇದು ಕುಸಿದು ಬಿತ್ತು. ನಮ್ಮಲ್ಲಿ ಒಬ್ಬರೇ ಸದಸ್ಯರೂ ಹೌದು, ಅಡಿಕೆಯನ್ನೂ ತರುತ್ತಾರೆ, ಮಗಳ ಹೆಸರಲ್ಲಿ ಠೇವಣಿಯೂ ಇದೆ, ಹೋಗುವಾಗ ಸಂಸ್ಥೆಯ ಅಂಗಡಿಯಿಂದ ಸಕ್ಕರೆಯನ್ನೂ ಒಯ್ಯುತ್ತಾರೆ. ಅವರು ಯಾವ ಚೌಕ ಒತ್ತಬೇಕು? ಒಬ್ಬರಂತೂ ನಾಲ್ಕೂ ಚೌಕದ ಮೇಲೆ ನಾಲ್ಕು ಬೆರಳಿಟ್ಟು ನನ್ನ ಮುಖ ನೋಡಿದರು.

ಕುಮಟಾದಲ್ಲಿ ಆದದ್ದು ನನ್ನ ತಲೆಯಿಂದ ಹೋಗುವುದಿಲ್ಲ. ಶೇರು ವರ್ಗಾವಣೆಯ ಪ್ರಶ್ನೆಯನ್ನು ಒಬ್ಬ ಅಕ್ಕನಿಗೆ ಕೊಟ್ಟೆವು. ಅವರ ತಂದೆ ನಿಜವಾಗಿಯೂ ಹಿಂದಿನ ವರ್ಷ ತೀರಿಕೊಂಡಿದ್ದರು. ಅದು ನಮಗೆ ಗೊತ್ತಿರಲಿಲ್ಲ. ಅವರು 'ಸದಸ್ಯರು' ಅನ್ನುವುದರ ಮೇಲೆ ಬೆರಳು ತಂದು ತೆಗೆದುಬಿಟ್ಟರು. 'ನಾನು ಸದಸ್ಯೆ ಅಲ್ಲ, ಅಪ್ಪ ಆಗಿದ್ದರು' ಅಂದರು. 'ಠೇವಣಿದಾರರು' ನೋಡಿದರು, ಅದೂ ಅಪ್ಪನೇ. ಕೊನೆಗೆ ಕಾಗದ ತಿರುಗಿಸಿಟ್ಟು, 'ಇದರಲ್ಲಿ ನಾನಿಲ್ಲ ಬಿಡಿ' ಅಂದರು. ಅವತ್ತು ಇನ್ನು ಪ್ರಶ್ನೆ ಕೇಳುವ ಮನಸ್ಸಾಗಲಿಲ್ಲ, ಚಹಾ ಕುಡಿದು ಎದ್ದೆವು.

ಹುಡುಕುವ ಪೆಟ್ಟಿಗೆಯ ಮೇಲೆ ನನಗೂ ಆಸೆ ಇತ್ತು. ಇಂಗ್ಲಿಷ್ ಸೈಟಾಗಿದ್ದರೆ ಅರ್ಧ ಕೆಲಸ ಅದೇ ಮಾಡುತ್ತಿತ್ತೇನೋ. ಕನ್ನಡದಲ್ಲಿ ಅದರ ಕಷ್ಟ ಬೇರೆ. ಮೊದಲನೆಯದು, ನಾವು 'ಅಡಿಕೆ' ಅಂತ ಬರೆದಿದ್ದೇವೆ, ಜನ 'ಅಡಕೆ' ಅಂತ ಹುಡುಕುತ್ತಾರೆ. ಎರಡೂ ಸರಿ. ಕಿರಿಯರು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಟೈಪ್ ಮಾಡುತ್ತಾರೆ. ಹಿರಿಯರು ಮೈಕ್ ಒತ್ತಿ ಮಾತಾಡುತ್ತಾರೆ, ಫೋನು 'ಚಾಲಿ'ಯನ್ನು 'ಖಾಲಿ' ಅಂತ ಬರೆದುಕೊಳ್ಳುತ್ತದೆ.

ಇದಕ್ಕಿಂತ ದೊಡ್ಡ ರಗಳೆ ಹಳೇ ಪುಟಗಳದ್ದು. ಒಂದಷ್ಟು ಪುಟ ಯುನಿಕೋಡ್‌ಗೆ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ) ಮೊದಲಿನ ಫಾಂಟಿನಲ್ಲಿ ಇದ್ದವು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ಯುನಿಕೋಡಿನಲ್ಲಿ ಇದ್ದವೂ ಸರಿ ಇರಲಿಲ್ಲ. 'ಸಂಘ' ಅಂತ ಹುಡುಕಿದರೆ ಒಂದೇ ಒಂದು ಪುಟ ಬಂತು. ಸಹಕಾರಿ ಸಂಘದ ಸೈಟಿನಲ್ಲಿ ಸಂಘ ಒಂದೇ ಕಡೆ! ನೋಡಿದರೆ, ಟೈಪ್ ಮಾಡಿದವರು ಸೊನ್ನೆ ಬರುವಲ್ಲೆಲ್ಲ ಕನ್ನಡ ಅಂಕಿಯ ಸೊನ್ನೆ ಹೊಡೆದಿದ್ದರು: 'ಸ೦ಘ'. ಹಾಗೇ ಅರ್ಕಾವತ್ತಿನ ಜಾಗದಲ್ಲಿ ಒಂಬತ್ತು: 'ಕಾಯ೯ಕ್ರಮ'. ಓದುವ ಕಣ್ಣಿಗೆ ವ್ಯತ್ಯಾಸ ಕಾಣುವುದೇ ಇಲ್ಲ. ಯಂತ್ರಕ್ಕೆ ಅದು ಬೇರೆಯದೇ ಪದ. ಇದನ್ನೆಲ್ಲ ಬದಲಿಸುವ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಅದು ಅತಿ ಉತ್ಸಾಹದಲ್ಲಿ ಪಟ್ಟಿಯೊಂದರ '೧೦೯' ಅನ್ನೂ ಕೆಡಿಸಿತು, ಅದನ್ನು ಸರಿ ಮಾಡಲಿಕ್ಕೆ ಇನ್ನೊಂದು ದಿನ. ಹಿಂದೆ ಮುಂದೆ ಅಕ್ಷರ ಇದ್ದರೆ ಮಾತ್ರ ಬದಲಿಸು ಅಂತ ಹೇಳಿಕೊಟ್ಟ ಮೇಲೆ ಸರಿಯಾಯಿತು. ಯಾರಾದರೂ ಹಳೇ ಕನ್ನಡ ಸೈಟಿಗೆ ಕೈ ಹಾಕುವವರಿದ್ದರೆ ಮೊದಲು ಈ ಎರಡು ಅಂಕಿಗಳನ್ನು ಹುಡುಕಿ ನೋಡಿ.

ಹೀಗೆ ತಿದ್ದಿದ ಮೇಲೆ ಹುಡುಕುವ ಪೆಟ್ಟಿಗೆ ಬಹಳ ಸುಧಾರಿಸಿತು. ಆದರೂ ಅದೊಂದನ್ನೇ ನೆಚ್ಚಿಕೊಳ್ಳಲು ಆಗುವುದಿಲ್ಲ. ಏನು ಬೇಕು ಅನ್ನುವ ಪದ ಗೊತ್ತಿದ್ದವರಿಗೆ ಮಾತ್ರ ಅದು ಕೆಲಸ ಮಾಡುತ್ತದೆ. ಕುಮಟಾದ ಅಕ್ಕ ಏನಂತ ಟೈಪ್ ಮಾಡಬೇಕಿತ್ತು?

ಇನ್ನು ನನ್ನ ಮೆನು. 'ಇವತ್ತಿನ ರೇಟು', 'ಸಾಲ', 'ಠೇವಣಿ', 'ಗೊಬ್ಬರ, ಔಷಧಿ', 'ವಿಮೆ', 'ಹೆಸರು ಬದಲಾವಣೆ', ಹೀಗೆ. ಇದು ಹೊಸ ಯೋಚನೆ ಏನಲ್ಲ. ಬ್ರಿಟನ್ ಸರಕಾರ 2012ರಲ್ಲಿ ಗವ್.ಯುಕೆ ಅನ್ನುವ ತನ್ನ ವೆಬ್‌ಸೈಟು ಶುರು ಮಾಡಿದಾಗ ಇಲಾಖೆ ಯಾವುದು ಅಂತ ಜನ ತಿಳಿದಿರಬೇಕಾಗಿಲ್ಲ, ಕೆಲಸ ಏನು ಅಂತ ಗೊತ್ತಿದ್ದರೆ ಸಾಕು ಅನ್ನುವ ದಾರಿ ಹಿಡಿದಿತ್ತು. ನಮ್ಮ 12 ಜನರೂ ಇದರಲ್ಲಿ ಹೆಚ್ಚು ಎಡವಲಿಲ್ಲ. ಅಪ್ಪನ ಶೇರಿನ ವಿಷಯದಲ್ಲಂತೂ ಇದರ ಹತ್ತಿರ ಯಾವುದೂ ಬರಲಿಲ್ಲ. ಯಾಕೆಂದರೆ ಆ ಕೆಲಸ ಶೇರು, ಠೇವಣಿ, ಸಾಲ ಮೂರೂ ವಿಭಾಗಕ್ಕೆ ಹಂಚಿಹೋಗಿತ್ತು. 'ಸದಸ್ಯರು ತೀರಿಕೊಂಡಾಗ' ಅಂತ ಒಂದೇ ಪುಟ ಮಾಡಿ, ಮರಣ ಪ್ರಮಾಣಪತ್ರದಿಂದ ಹಿಡಿದು ಯಾವ ಕಾಗದ ಬೇಕು ಅಂತ ಅಲ್ಲೇ ಬರೆದೆವು.

ಗೆದ್ದೆ ಅಂತ ಬೀಗುತ್ತಿದ್ದೆ. ಆಗ ಆ ಗುಮಾಸ್ತರು ಒಂದು ಮಾತು ಕೇಳಿದರು: 'ನೀವು ಜೋಡಣೆ ಮಾತ್ರ ಬದಲಿಸಿದ್ದಲ್ಲವಲ್ಲ, ಹೆಸರುಗಳನ್ನೂ ಬದಲಿಸಿದ್ದೀರಿ. ಗೆದ್ದದ್ದು ಯಾವುದು?' ನನ್ನ ಹತ್ತಿರ ಉತ್ತರ ಇರಲಿಲ್ಲ. ಸರಿ ಅಂತ ಹಳೇ ವಿಭಾಗವಾರು ಮೆನುವನ್ನೇ ಹಾಗೇ ಇಟ್ಟು ಹೆಸರು ಮಾತ್ರ ಬದಲಿಸಿದೆವು. 'ಹುಟ್ಟುವಳಿ ಮಾರಾಟ ವಿಭಾಗ' ಹೋಗಿ 'ಅಡಿಕೆ, ಕಾಳುಮೆಣಸು ಮಾರಾಟ' ಆಯಿತು. 'ಪತ್ತು ವಿಭಾಗ' ಹೋಗಿ 'ಸಾಲ' ಆಯಿತು. 'ಕೃಷಿ ಪರಿಕರ' ಹೋಗಿ 'ಗೊಬ್ಬರ, ಔಷಧಿ' ಆಯಿತು. 'ವ್ಯಾಪಾರ ವಿವರ'ದ ಜಾಗದಲ್ಲಿ 'ಇವತ್ತಿನ ರೇಟು: ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು', ಎಲ್ಲ ಅಡಿಕೆಯ ಬಗೆಗಳೇ. ಈ ಕಾಗದ ಮೊದಲು ನೋಡದ 5 ಜನರನ್ನು ಹೊಸದಾಗಿ ಹಿಡಿದು ಕೂರಿಸಿದೆವು.

ನನ್ನ ಮೆನುವಿಗೆ ಇದು ಹೆಚ್ಚು ಕಡಿಮೆ ಸಮಸಮ ನಿಂತಿತು! ಅಪ್ಪನ ಶೇರಿನ ಪ್ರಶ್ನೆ ಒಂದರಲ್ಲಿ ಬಿಟ್ಟು. ಎರಡು ತಿಂಗಳು ನಾವು ಜೋಡಣೆಯ ಬಗ್ಗೆ ಜಗಳ ಆಡಿದ್ದೆವು. ಜನರನ್ನು ತಡೆದು ನಿಲ್ಲಿಸಿದ್ದು ಹೆಚ್ಚಾಗಿ ನಾಲ್ಕೈದು ಪದ. ಅದೂ ಸಭೆಯಲ್ಲಿ ಕೂತವರಿಗೆ ಯಾರಿಗೂ ಕಷ್ಟದ್ದು ಅನ್ನಿಸದ ಪದ.

ಹಾಗಾಗಿ ಕಡೆಗೆ ಇಟ್ಟದ್ದು ಒಂದು ಬೆರಕೆ. ಮೇಲೆ ಕೆಲಸದ ಮೆನು, ಆರೇ ಸಾಲು. ಅದರ ಪಕ್ಕ ಹುಡುಕುವ ಪೆಟ್ಟಿಗೆ, 'ಅಡಕೆ' ಅಂದರೂ 'ಅಡಿಕೆ' ಕೊಡುವಂಥದ್ದು. ಪುಟದ ತಳದಲ್ಲಿ ವಿಭಾಗಗಳ ಪಟ್ಟಿ, ಫೋನ್ ನಂಬರ್ ಸಮೇತ. 'ನೀವು ಯಾರು' ಅನ್ನುವುದನ್ನು ಪೂರ್ತಿ ಬಿಟ್ಟೆವು. ಇದಕ್ಕೆ ಈಗಲೂ ಒಬ್ಬಿಬ್ಬರಿಗೆ ಬೇಸರ ಇದೆ. ಆಡಳಿತ ಮಂಡಳಿಯ ಫೋಟೋ ಒಳಪುಟಕ್ಕೆ ಹೋದದ್ದಕ್ಕೆ ಎಷ್ಟು ಬೇಸರ ಇದೆ ಅಂತ ನಾನು ಬರೆಯುವುದಿಲ್ಲ. ಘಟ್ಟದ ಕೆಳಗಿನವರಿಗೆ ಅಡಿಕೆ ರೇಟು ಯಾಕೆ ಮೊದಲು ಕಾಣಬೇಕು ಅಂತ ಕಾರವಾರದವರು ಕೇಳಿದ್ದು ನ್ಯಾಯವೇ. ಅವರಿಗೆ ಠೇವಣಿ ಬಡ್ಡಿ ಮೊದಲು. ಸದ್ಯಕ್ಕೆ ಎರಡನ್ನೂ ಅಕ್ಕಪಕ್ಕ ಇಟ್ಟಿದ್ದೇವೆ. ಫೋನಿನಲ್ಲಿ ಒಂದರ ಕೆಳಗೆ ಒಂದು ಬರುವುದರಿಂದ ಯಾವುದು ಮೇಲೆ ಅನ್ನುವ ಜಗಳ ಮುಗಿದಿಲ್ಲ.

ರೇಟನ್ನು ಈಗ ಪಿಡಿಎಫ್ ಇಲ್ಲದೆ ಬರೀ ಅಕ್ಷರದಲ್ಲಿ ಹಾಕುತ್ತೇವೆ. ಒಂದು ಕಡ್ಡಿ ಸಿಗ್ನಲ್ಲಿಗೂ ತೆರೆಯುತ್ತದೆ. ಕೊನೆ ಕೊಯ್ಲು ಜೋರಾದ ಮೇಲೆ ಒಂದು ಮಧ್ಯಾಹ್ನ ಕಚೇರಿಗೆ ಹೋಗಿದ್ದೆ. ಫೋನು ಹೊಡೆದುಕೊಂಡಿತು. ಗುಮಾಸ್ತರು ಎತ್ತಿ ಸ್ಪೀಕರಿಗೆ ಹಾಕಿದರು. ಆ ಕಡೆಯಿಂದ ಒಬ್ಬರು: 'ಸೈಟಲ್ಲಿ ರೇಟು ನೋಡಿದ್ದಿ. ಖರೆನಾ ಅಂತ ಕೇಳಲೆ ಫೋನ್ ಮಾಡಿದಿ.' ನಾವಿಬ್ಬರೂ ನಕ್ಕೆವು. ಆಮೇಲೆ ಸೈಟು ತೆರೆದು ನೋಡಿದೆ. ರೇಟು ಇತ್ತು, ಯಾವ ಹೊತ್ತಿನದು ಅಂತ ಎಲ್ಲೂ ಇರಲಿಲ್ಲ. ಅಲ್ಲೇ ಕೂತು ಒಂದು ಸಾಲು ಸೇರಿಸಿದೆ: 'ಇವತ್ತು ಮಧ್ಯಾಹ್ನ 3:40ಕ್ಕೆ ಹಾಕಿದ್ದು'.