ಡೆನಾನ್ ಎವಿಆರ್-ಎಕ್ಸ್1700ಎಚ್: ಜೋಡಿಸೋಕೆ ತಾಳ್ಮೆ ಬೇಕು, ಸದ್ದು ಮಾತ್ರ ಸೂಪರ್

ಈ ಹೋಂ ಥಿಯೇಟರ್ ರಿಸೀವರ್ (ಟಿವಿ, ಸ್ಪೀಕರ್‌ಗಳನ್ನೆಲ್ಲ ಜೋಡಿಸುವ ಆಂಪ್ಲಿಫೈಯರ್ ಪೆಟ್ಟಿಗೆ) ಬಂದ ಮೇಲೆ ಸಿನಿಮಾದ ಮಾತು ಎಷ್ಟು ಸ್ಪಷ್ಟವಾಗಿ ಕೇಳುತ್ತಿದೆ ಅಂದರೆ, ಸಬ್‌ಟೈಟಲ್ ಹಾಕುವುದನ್ನೇ ಬಿಟ್ಟಿದ್ದೇವೆ. 7.2 ಚಾನೆಲ್, ಅಂದರೆ ಏಳು ಸ್ಪೀಕರ್, ಎರಡು ಸಬ್‌ವೂಫರ್ (ಬಾಸ್‌ಗೆಂದೇ ಇರುವ ಸ್ಪೀಕರ್). ಎರಡು ಚಾನೆಲ್ ಓಡುವಾಗ ತಲಾ 80 ವ್ಯಾಟ್. ನಮ್ಮ ಹಾಲಿಗೆ ಬೇಕಾದಷ್ಟಾಯಿತು. ಆರು ಎಚ್‌ಡಿಎಂಐ ಇನ್‌ಪುಟ್‌ಗಳಲ್ಲಿ ಮೂರು ಮಾತ್ರ 8ಕೆ ವಿಡಿಯೋಗೆ, ಗೇಮ್ ಕನ್ಸೋಲ್ ಇದ್ದವರು ನೋಡಿಕೊಂಡು ಚುಚ್ಚಿ.

ವೈರ್ ಹಾಕಲು ಬಂದವರು ಎಡಗಡೆ ಸ್ಪೀಕರ್‌ನ ಪ್ಲಸ್-ಮೈನಸ್ ಅದಲುಬದಲು ಮಾಡಿ ಹೋಗಿದ್ದರು. ಬಾಸ್ ಸಪ್ಪೆ, ಹಾಡುವವರ ದನಿ ಮಧ್ಯದಲ್ಲಿ ನಿಲ್ಲದೆ ಎಲ್ಲೋ ತೇಲುತ್ತಿತ್ತು. ಕೆಂಪು ತುದಿಯನ್ನು ಕೆಂಪಿಗೇ ಹಾಕಿದ ಕೂಡಲೇ ಸರಿಹೋಯಿತು.

ಆಡಿಸ್ಸಿ ಅಳತೆಗೆ (ರಿಸೀವರ್ ಮೈಕಿನಿಂದ ಕೇಳಿ ಕೋಣೆಗೆ ತಕ್ಕಂತೆ ಸದ್ದು ಹೊಂದಿಸಿಕೊಳ್ಳುವ ವ್ಯವಸ್ಥೆ) ದಯವಿಟ್ಟು ಅವಸರ ಮಾಡಬೇಡಿ. ಜೊತೆಗೆ ಬರುವ ಪುಟ್ಟ ಮೈಕನ್ನು ಕೂರುವವರ ಕಿವಿಯ ಮಟ್ಟಕ್ಕೆ ನಿಲ್ಲಿಸಿ, ಫ್ಯಾನ್ ಆರಿಸಿ, ಬೀದಿ ಗದ್ದಲ ಇಳಿದ ಮೇಲೆ ರಾತ್ರಿ ಮಾಡಿ, ಎಂಟು ಜಾಗಗಳ ತನಕ ಅಳೆಯಬಹುದು, ಸುಮ್ನೆ ಮೂರಕ್ಕೇ ಸಾಕು ಅನ್ನಬೇಡಿ. ಆಮೇಲೆ ಮೆನು ನೋಡಿ. ಚಿಕ್ಕ ಸ್ಪೀಕರ್‌ಗಳನ್ನು 'ಲಾರ್ಜ್' ಅಂತ ಗುರುತಿಸಿದ್ದರೆ 'ಸ್ಮಾಲ್' ಮಾಡಿ, ಕ್ರಾಸ್‌ಓವರ್ (ಯಾವ ಮಟ್ಟದ ಕೆಳಗಿನ ಸದ್ದು ಸಬ್‌ವೂಫರ್‌ಗೆ ಹೋಗಬೇಕು ಅನ್ನುವ ಗಡಿ) 80 ಹರ್ಟ್ಜ್‌ಗೆ ಇಡಿ. ಬಾಸ್ ಕೆಲಸವೆಲ್ಲ ಸಬ್‌ವೂಫರ್‌ಗೆ ಹೋಗುತ್ತದೆ, ಗುಡುಗಿನ ಸದ್ದಿಗೆ ಎದೆ ನಡುಗುತ್ತದೆ!

ಟಿವಿ ಸದ್ದು ಬರದಿದ್ದರೆ ಎಚ್‌ಡಿಎಂಐ ಕೇಬಲ್ಲು ಟಿವಿ ಹಿಂದಿನ ಇ-ಎಆರ್‌ಸಿ ಪೋರ್ಟ್‌ನಲ್ಲೇ (ಟಿವಿ ಸದ್ದನ್ನು ರಿಸೀವರ್‌ಗೆ ಕಳಿಸುವ ಕಿಂಡಿ) ಇದೆಯಾ ನೋಡಿ. ರಿಸೀವರ್ ಅಂದಮೇಲೆ ಬಿಸಿ ಇದ್ದದ್ದೇ, ಮುಚ್ಚಿದ ಶೋಕೇಸ್ ಒಳಗೆ ಇಡಬೇಡಿ, ಮೇಲೆ ಸೆಟ್‌ಟಾಪ್ ಬಾಕ್ಸ್ ಹೇರಲೇಬೇಡಿ. ಒಮ್ಮೆಗೇ ಏಳು ಸ್ಪೀಕರ್ ಕೊಳ್ಳುವ ಹಣ ಇಲ್ಲದಿದ್ದರೆ ಮನೆಯಲ್ಲಿರುವ ಹಳೆಯ ಜೋಡಿಯಿಂದಲೇ ಶುರು ಮಾಡಿ, ಮಿಕ್ಕವನ್ನು ನಿಧಾನಕ್ಕೆ ಸೇರಿಸಬಹುದು, ಅಲ್ವಾ?