ಬೈಪೋಲಾರ್ ಮತ್ತು ಜಿಜಿ1: ಗಾಲಿಯ ಪಕ್ಕ ಕುಳಿತು ನೋಡಿದಾಗ

ಹಳೆಯ ವಿದ್ಯುತ್ ರೈಲು ಎಂಜಿನ್‌ಗಳ ಹೋಲಿಕೆ ಸಾಮಾನ್ಯವಾಗಿ ಮೈಕಟ್ಟಿನಿಂದಲೇ ಆರಂಭವಾಗುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನ ಸಾರಿಗೆ ವಸ್ತುಸಂಗ್ರಹಾಲಯದಲ್ಲಿರುವ ಮಿಲ್ವಾಕಿ ರೋಡ್ ರೈಲು ಕಂಪನಿಯ ಬೈಪೋಲಾರನ್ನೂ, ಅದೇ ದೇಶದ ಪೆನ್ಸಿಲ್ವೇನಿಯಾ ರಾಜ್ಯದ ಸ್ಟ್ರಾಸ್‌ಬರ್ಗ್‌ನಲ್ಲಿರುವ ಪೆನ್ಸಿಲ್ವೇನಿಯಾ ರೈಲ್‌ರೋಡ್‌ನ ಜಿಜಿ1 ಎಂಜಿನ್‌ಗಳನ್ನೂ ನೋಡಲು ಹೋದಾಗ ನಾನು ಗಾಲಿಗಳ ಪಕ್ಕ ಕುಕ್ಕರಗಾಲಲ್ಲಿ ಕುಳಿತೇ ಹೆಚ್ಚು ಹೊತ್ತು ಕಳೆದೆ. ಮೋಟಾರಿನ ಬಲ ಅಚ್ಚಿಗೆ (ಗಾಲಿಗಳನ್ನು ಜೋಡಿಸುವ ಆಕ್ಸಲ್‌ಗೆ) ತಲುಪುವ ಬಗೆಯಲ್ಲೇ ಇವೆರಡೂ ದಾರಿ ಬೇರೆಯಾಗುತ್ತವೆ.

ಜನರಲ್ ಎಲೆಕ್ಟ್ರಿಕ್ ಕಟ್ಟಿದ ಬೈಪೋಲಾರ್‌ಗಳು ಐದೇ ಐದು. 3,000 ವೋಲ್ಟ್ ಡಿ.ಸಿ. ವಿದ್ಯುತ್ತಿನಲ್ಲಿ ಓಡುತ್ತಿದ್ದ ಇವುಗಳಲ್ಲಿ ಗೇರ್ ಎಂಬುದೇ ಇಲ್ಲ. ಹನ್ನೆರಡು ಚಾಲಕ ಅಚ್ಚುಗಳ ಮೇಲೆ ನೇರವಾಗಿ ಆರ್ಮೇಚರ್ (ಮೋಟಾರಿನ ತಿರುಗುವ ಭಾಗ) ಕೂತಿದೆ, ಅದರ ಎರಡು ಬದಿಯ ಕಾಂತಧ್ರುವಗಳು ಚೌಕಟ್ಟಿಗೆ ಜೋಡಣೆಯಾಗಿವೆ. ಹೆಸರು ಬಂದದ್ದೂ ಈ ಎರಡು ಧ್ರುವಗಳಿಂದಲೇ. ಧ್ರುವಗಳ ಮುಖ ಚಪ್ಪಟೆಯಾಗಿರುವುದರಿಂದ ಹಳಿಯ ಏರುತಗ್ಗಿಗೆ ಅಚ್ಚು ಮೇಲೆ ಕೆಳಗೆ ಆಡಿದರೂ ಆರ್ಮೇಚರ್ ಎಲ್ಲಿಯೂ ತಾಗುವುದಿಲ್ಲ. ಸವೆಯುವ ಹಲ್ಲುಗಳಿಲ್ಲ, ಗೇರಿನ ಗೊರಗೊರವೂ ಇಲ್ಲ. ಆದರೆ ಆರ್ಮೇಚರಿನ ಭಾರವನ್ನು ಹೊರಲು ಸ್ಪ್ರಿಂಗ್ ಇಲ್ಲದ ಕಾರಣ ಅದರ ಪೆಟ್ಟೆಲ್ಲ ಹಳಿಗೇ ಬೀಳುತ್ತದೆ. ಮೋಟಾರು ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು. ಆ ಗಾಲಿಯ ವ್ಯಾಸವೋ 44 ಅಂಗುಲ ಮಾತ್ರ.

1934ರ ಜಿಜಿ1ನಲ್ಲಿ ಗಾಲಿ 57 ಅಂಗುಲದ್ದು, ಚಾಲಕ ಅಚ್ಚು ಆರು, ಅಚ್ಚಿಗೆರಡರಂತೆ ಮೋಟಾರು ಹನ್ನೆರಡು. ಗಾಲಿಯ ಅರಗಳ ನಡುವೆ ಇಣುಕಿದರೆ ಬಟ್ಟಲಿನಂಥ ಸ್ಪ್ರಿಂಗ್ ಗೂಡುಗಳು ಕಾಣುತ್ತವೆ. ಅಚ್ಚನ್ನು ತಾಗದೆ ಸುತ್ತುವರಿದ ಟೊಳ್ಳು ಕೊಳವೆಯೊಂದನ್ನು ಮೋಟಾರುಗಳು ಗೇರಿನ ಮೂಲಕ ತಿರುಗಿಸುತ್ತವೆ, ಆ ಕೊಳವೆ ಈ ಸ್ಪ್ರಿಂಗ್‌ಗಳಿಂದ ಅರಗಳನ್ನು ತಳ್ಳುತ್ತದೆ. ಮೋಟಾರಿನ ಭಾರ ಚೌಕಟ್ಟಿನ ಮೇಲೆಯೇ ಉಳಿಯುವುದರಿಂದ 4,620 ಅಶ್ವಶಕ್ತಿಯ ಈ ಯಂತ್ರ ವೇಗದಲ್ಲೂ ಹಳಿಯನ್ನು ಅಷ್ಟಾಗಿ ಬಡಿಯುವುದಿಲ್ಲ. ಅದೇ ವರ್ಷ ಪೈಪೋಟಿಗೆ ನಿಂತಿದ್ದ ಆರ್1 ಎಂಬ ಇನ್ನೊಂದು ವಿದ್ಯುತ್ ಎಂಜಿನ್‌ನ ಚೌಕಟ್ಟು ಒಂದೇ ಗಟ್ಟಿ ತುಂಡು; ನಡುವೆ ಕೀಲಿದ್ದ ಜಿಜಿ1 ತಿರುವುಗಳಲ್ಲಿ ಅದನ್ನು ಮೀರಿಸಿತು.

ಮೈಕಟ್ಟಿನ ಬಗ್ಗೆ ಹೇಳಲೇಬೇಕಾದ ಮಾತು ಒಂದೇ. ಸ್ಟ್ರಾಸ್‌ಬರ್ಗ್‌ನಲ್ಲಿರುವ ಜಿಜಿ1ರ ಮೊದಲ ಮಾದರಿ ಎಂಜಿನ್ 4800ರ ಮೈತುಂಬ ರಿವೆಟ್ ತಲೆಗಳ ಸಾಲು. ಅಲ್ಲೇ ಇರುವ 4935ರ ಮೈ ನುಣುಪು. ರಿವೆಟ್ ಬದಲು ವೆಲ್ಡಿಂಗ್ ಮಾಡಿರೆಂದು ಸಲಹೆ ಕೊಟ್ಟವನು ವಿನ್ಯಾಸಕಾರ ರೇಮಂಡ್ ಲೋವಿ.

ಜಿಜಿ1 ದೋಷವಿಲ್ಲದ ವಿನ್ಯಾಸವೇನಲ್ಲ. 1958ರ ಫೆಬ್ರವರಿಯಲ್ಲಿ ಹಿಟ್ಟಿನಂಥ ಹಿಮ ಗಾಳಿಕಿಂಡಿಗಳಿಂದ ಒಳನುಗ್ಗಿ ಮೋಟಾರುಗಳನ್ನು ಕೆಡಿಸಿತು. ಆಮೇಲೆ ಕಿಂಡಿಗಳನ್ನು ಪ್ಯಾಂಟೋಗ್ರಾಫಿನ (ಮೇಲಿನ ತಂತಿಯಿಂದ ವಿದ್ಯುತ್ ಪಡೆಯುವ, ಎಂಜಿನ್ ನೆತ್ತಿಯ ಚೌಕಟ್ಟಿನ) ಮಟ್ಟಕ್ಕೆ ಏರಿಸಬೇಕಾಯಿತು. ಹಾಗಿದ್ದರೂ ವೇಗದ ಪ್ರಯಾಣಿಕ ರೈಲಿಗೆ ನನ್ನ ಆಯ್ಕೆ ಜಿಜಿ1. ಬಿಚ್ಚಿ ರಿಪೇರಿ ಮಾಡುವ ಕೆಲಸ ನನ್ನ ಪಾಲಿಗೆ ಬಂದರೆ ಮಾತ್ರ ಬೈಪೋಲಾರನ್ನೇ ಕೇಳಿ ಪಡೆಯುತ್ತೇನೆ.